880 ಚದರ ಅಡಿಯ ಆಟ, ಎರಡು ಕೋಟಿ ಆಟಗಾರರು

2024ರಲ್ಲಿ ಅಮೆರಿಕದಲ್ಲಿ ಒಮ್ಮೆಯಾದರೂ ಪಿಕಲ್‌ಬಾಲ್ ಆಡಿದವರು 1 ಕೋಟಿ 98 ಲಕ್ಷ ಜನ. ಅಲ್ಲಿನ ಕ್ರೀಡಾ ಸಾಮಗ್ರಿ ಉದ್ಯಮದ ಸಂಘ ವರ್ಷವರ್ಷವೂ ನಡೆಸುವ ಸಮೀಕ್ಷೆಯ ಅಂದಾಜು ಇದು. ಅದಕ್ಕೆ ಐದೇ ವರ್ಷ ಮೊದಲು, 2019ರಲ್ಲಿ, ಇದೇ ಸಮೀಕ್ಷೆಗೆ ಸಿಕ್ಕವರು 35 ಲಕ್ಷಕ್ಕಿಂತ ಕಡಿಮೆ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಹಾಗಾಗಿ ನಮ್ಮ ರಾಜ್ಯದಲ್ಲಿ ಮೂವರಿಗೊಬ್ಬರಂತೆ ಎದ್ದು ಪ್ಯಾಡಲ್ ಎಂಬ ಬ್ಯಾಟು ಹಿಡಿದು ಅಂಗಳಕ್ಕೆ ಬಂದರೆ ಎಷ್ಟು ಮಂದಿಯೋ, ಹೆಚ್ಚುಕಡಿಮೆ ಅಷ್ಟು ಮಂದಿ.

2023ರಲ್ಲಿ ಅಮೆರಿಕದ ಆಟಗಾರರು 1 ಕೋಟಿ 36 ಲಕ್ಷ ಇದ್ದರು. ಒಂದು ವರ್ಷದಲ್ಲಿ ಕೂಡಿಕೊಂಡವರು 62 ಲಕ್ಷ. ಇದನ್ನು ದಿನಕ್ಕೆ ಹಂಚಿದರೆ ಸುಮಾರು 17,000. ಈ ಆಟದ ಒಂದು ಪಂದ್ಯ ಮುಗಿಯಲು ಇಪ್ಪತ್ತು ನಿಮಿಷ ಬೇಕೆಂದು ಇಟ್ಟುಕೊಳ್ಳಿ. ನಾಲ್ವರು ಅಷ್ಟು ಹೊತ್ತು ಆಡಿ ಬೆವರೊರೆಸಿಕೊಳ್ಳುವಷ್ಟರಲ್ಲಿ ದೇಶದ ಲೆಕ್ಕಕ್ಕೆ ಇನ್ನೂ 235 ಮಂದಿ ಸೇರಿರುತ್ತಾರೆ.

ಇಷ್ಟು ಜನ ಆಡುವುದೆಲ್ಲಿ? ನನ್ನನ್ನು ನಿಜವಾಗಿ ಬೆರಗುಗೊಳಿಸಿದ ಲೆಕ್ಕ ಇಲ್ಲಿಂದ ಶುರುವಾಗುತ್ತದೆ. ಒಂದು ಪಿಕಲ್‌ಬಾಲ್ ಕೋರ್ಟಿನ ಅಗಲ 20 ಅಡಿ, ಉದ್ದ 44 ಅಡಿ. ಒಟ್ಟು 880 ಚದರ ಅಡಿ. 2024ರಲ್ಲಿ ಅಮೆರಿಕದಲ್ಲಿ ಪಟ್ಟಿಗೆ ಸಿಕ್ಕಿದ್ದ ಕೋರ್ಟುಗಳು 68,000ಕ್ಕೂ ಹೆಚ್ಚು. ಅಷ್ಟನ್ನೂ ಗೆರೆಗೆ ಗೆರೆ ತಾಗಿಸಿ ಒಂದೇ ಕಡೆ ಹಾಸಿದರೆ ಆಗುವ ನೆಲ ಸುಮಾರು 1,380 ಎಕರೆ. 240 ಎಕರೆಯ ನಮ್ಮ ಲಾಲ್‌ಬಾಗ್ ಆರು ಇದ್ದರೆ ಅವೂ ಪೂರ್ತಿ ತುಂಬುವುದಿಲ್ಲ. ಹದಿನೆಂಟು ಕುಳಿಗಳ ಒಂದು ಗಾಲ್ಫ್ ಮೈದಾನಕ್ಕೆ ಅಲ್ಲಿ ಸುಮಾರು 150 ಎಕರೆ ಹಿಡಿಯುತ್ತದೆ, ದೇಶದಲ್ಲಿ ಎಲ್ಲ ಬಗೆಯ ಗಾಲ್ಫ್ ಮೈದಾನಗಳು ಸೇರಿ ಹದಿನಾರು ಸಾವಿರದಷ್ಟಿವೆ. ಹದಿನೆಂಟು ಕುಳಿಗಳ ಬರೀ ಹತ್ತು ಮೈದಾನಗಳ ನೆಲ ಸಿಕ್ಕರೆ ಸಾಕು, ಎರಡು ಕೋಟಿ ಜನರ ಆಟದ ಗೆರೆಗಳೆಲ್ಲ ಅದರೊಳಗೇ ಮುಗಿದುಹೋಗುತ್ತವೆ. ಗೆರೆಯಾಚೆ ಓಡಾಡಲು ಬೇಕಾದ ಜಾಗವನ್ನು ಸೇರಿಸಿ ಕೋರ್ಟಿಗೆ 30 ಅಡಿ, 60 ಅಡಿ ಎಂದು ಎಣಿಸಿದರೂ ಗಾಲ್ಫ್ ಮೈದಾನಗಳ ಸಂಖ್ಯೆ ಹತ್ತೊಂಬತ್ತು ದಾಟುವುದಿಲ್ಲ.

ಈ ಆಟ ಹುಟ್ಟಿದ್ದು ಗಾಲ್ಫ್ ಮುಗಿಸಿ ಮನೆಗೆ ಬಂದವರ ಕೈಯಲ್ಲೇ. 1965ರ ಬೇಸಿಗೆ, ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ದ್ವೀಪ. ಆಗ ಆ ರಾಜ್ಯದ ಶಾಸಕರಾಗಿದ್ದ, ಮುಂದೆ ಅಮೆರಿಕದ ಸಂಸತ್ತಿಗೂ ಹೋದ ಜೋಯಲ್ ಪ್ರಿಚರ್ಡ್ ಮತ್ತು ಗೆಳೆಯ ಬಿಲ್ ಬೆಲ್ ಗಾಲ್ಫ್‌ನಿಂದ ಹಿಂದಿರುಗಿದಾಗ ಮನೆಮಂದಿಗೆ ಮಾಡಲು ಕೆಲಸವಿಲ್ಲದೆ ಬೇಜಾರು ಹಿಡಿದಿತ್ತು. ಹಿತ್ತಿಲಲ್ಲಿ ಹಳೆಯ ಬ್ಯಾಡ್ಮಿಂಟನ್ ಕೋರ್ಟ್ ಇತ್ತು, ಬೇಕಾದ ಸಾಮಾನು ಇರಲಿಲ್ಲ. ಟೇಬಲ್ ಟೆನಿಸ್ ಬ್ಯಾಟುಗಳನ್ನೂ ತೂತುಗಳಿದ್ದ ಒಂದು ಪ್ಲಾಸ್ಟಿಕ್ ಚೆಂಡನ್ನೂ ಹುಡುಕಿ ತಂದರು. ಚೆಂಡು ಆ ನೆಲದ ಮೇಲೆ ಚೆನ್ನಾಗಿ ಪುಟಿಯುವುದು ಕಂಡು, ಬ್ಯಾಡ್ಮಿಂಟನ್ನಿನ ಎತ್ತರದಲ್ಲಿದ್ದ ನೆಟ್ಟನ್ನು ಸೊಂಟದ ಹತ್ತಿರಕ್ಕೆ ಇಳಿಸಿದರು. ಮೂರನೆಯ ಗೆಳೆಯ ಬಾರ್ನಿ ಮೆಕಲಮ್ ಬಂದು ಸೇರಿದ ಮೇಲೆ ನಿಯಮಗಳು ಕೂಡಿಬಂದವು. ಅವರು ಆಡಿದ ಬ್ಯಾಡ್ಮಿಂಟನ್ ಕೋರ್ಟಿನ ಅಳತೆಯೇ ಇವತ್ತಿಗೂ ಉಳಿದಿದೆ, ಒಂದಡಿ ಹೆಚ್ಚಿಲ್ಲ, ಒಂದಡಿ ಕಮ್ಮಿಯಿಲ್ಲ. ನೆಟ್ಟಿನ ಎತ್ತರ ಬದಿಗಳಲ್ಲಿ 36 ಅಂಗುಲ, ನಡುವೆ 34. 2022ರಲ್ಲಿ ವಾಷಿಂಗ್ಟನ್ ಇದನ್ನು ತನ್ನ ರಾಜ್ಯಕ್ರೀಡೆ ಎಂದು ಕಾನೂನಾಗಿಯೇ ಮಾಡಿತು.

ಎಲ್ಲವನ್ನೂ ಕಿರಿದು ಮಾಡಿದ್ದೇ ಈ ಆಟದ ಗುಟ್ಟು ಎಂಬುದು ನನ್ನ ಬಲವಾದ ನಂಬಿಕೆ. ಟೆನಿಸ್ ಡಬಲ್ಸ್‌ನಲ್ಲಿ ಒಬ್ಬ ಆಟಗಾರ ಕಾಯಬೇಕಾದ ನೆಲ 702 ಚದರ ಅಡಿ, ಇಲ್ಲಿ 220. ಚೆಂಡಿನ ತೂಕ 22ರಿಂದ 26 ಗ್ರಾಮಿನ ಆಸುಪಾಸು, ಟೆನಿಸ್ ಚೆಂಡಿನ ಅರ್ಧಕ್ಕಿಂತ ಕಡಿಮೆ. ಬಯಲಿನಲ್ಲಿ ಆಡುವ ಚೆಂಡಿಗೆ ಸಾಮಾನ್ಯವಾಗಿ 40 ತೂತು, ಒಳಾಂಗಣದ ಚೆಂಡಿಗೆ 26. ಆ ತೂತುಗಳು ಗಾಳಿಯಲ್ಲಿ ಚೆಂಡನ್ನು ಎಳೆದು ಹಿಡಿಯುತ್ತವೆ. ಎಷ್ಟೇ ಬೀಸಿ ಹೊಡೆದರೂ ಅದು ಬಲುಬೇಗ ವೇಗ ಕಳೆದುಕೊಳ್ಳುತ್ತದೆ. ಚೆಂಡನ್ನು ಪುಟಿಸದೆ ಮಾಡುವ ಸರ್ವ್ ಸೊಂಟದ ಕೆಳಗಿನಿಂದಲೇ ಆಗಬೇಕು. ಸರ್ವ್ ಆದ ಚೆಂಡೂ, ಅದಕ್ಕೆ ಮರಳಿ ಬಂದ ಚೆಂಡೂ ಒಂದೊಂದು ಸಲ ನೆಲ ಮುಟ್ಟಲೇಬೇಕು. ಒಂದೇ ಹೊಡೆತಕ್ಕೆ ಎದುರಾಳಿಯನ್ನು ಮುಗಿಸುವ ದಾರಿಗಳನ್ನು ಹೀಗೆ ಒಂದೊಂದಾಗಿ ಮುಚ್ಚಲಾಗಿದೆ.

ಆದರೂ ಈ ಎಲ್ಲ ಸಂಖ್ಯೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು 280. ನೆಟ್ಟಿನ ಎರಡೂ ಬದಿಗೆ ಏಳೇಳು ಅಡಿ ಬಿಟ್ಟು ಗೆರೆ ಎಳೆದಿರುತ್ತಾರೆ. ಗೆರೆಯೊಳಗಿನ ಆ ಜಾಗಕ್ಕೆ ಆಟಗಾರರೆಲ್ಲ ಕಿಚನ್ ಎನ್ನುತ್ತಾರೆ. ಅದರೊಳಗೆ ಕಾಲಿಟ್ಟು ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಹೊರಗೆ ನಿಂತು ಹೊಡೆದ ಮೇಲೆ ಅದೇ ರಭಸದಲ್ಲಿ ಮುಗ್ಗರಿಸಿ ಒಳಗೆ ಬಿದ್ದರೂ ತಪ್ಪೇ. ಎರಡೂ ಕಡೆಯದು ಸೇರಿ 280 ಚದರ ಅಡಿ, ಕೋರ್ಟಿನ ಸುಮಾರು ಮೂರನೇ ಒಂದು ಭಾಗ. ಇಷ್ಟು ನೆಲದಲ್ಲಿ ಬಲಶಾಲಿಯ ಬಲಕ್ಕೆ ಪ್ರವೇಶವಿಲ್ಲ. ಎತ್ತರದ ಹುಡುಗನೊಬ್ಬ ನೆಟ್ಟಿನ ಮೇಲೇ ನಿಂತು ಚಚ್ಚುವಂತಿದ್ದರೆ ಅವನ ಅಜ್ಜಿ ಎರಡನೆಯ ದಿನ ಆಡಲು ಬರುತ್ತಿರಲಿಲ್ಲ. ಈಗ ಅಜ್ಜಿ ಚೆಂಡನ್ನು ನೆಟ್ಟಿನ ಮೇಲಿಂದ ಮೆಲ್ಲಗೆ ಆ ಏಳಡಿಯೊಳಗೆ ಇಳಿಸುತ್ತಾಳೆ, ಮೊಮ್ಮಗ ಬಗ್ಗಿ ಅಷ್ಟೇ ಮೆಲ್ಲಗೆ ಎತ್ತಿ ಕಳಿಸಬೇಕು. ಡಿಂಕ್ ಎಂಬ ಈ ಮೃದು ಹೊಡೆತದ ವಿನಿಮಯ ಹತ್ತು, ಹದಿನೈದು, ಇಪ್ಪತ್ತು ಸಲ ನಡೆಯುತ್ತದೆ. ಯಾರದೋ ಒಂದು ಚೆಂಡು ಒಂದು ಗೇಣು ಹೆಚ್ಚಿಗೆ ಮೇಲೆದ್ದಾಗ ಆಟದ ಬಣ್ಣವೇ ಬದಲು. ಕಿಚನ್ ಗೆರೆಗಳ ನಡುವಿನ ದೂರ ಕೇವಲ 14 ಅಡಿ. ಗಂಟೆಗೆ 65 ಕಿಲೋಮೀಟರ್ ವೇಗದಲ್ಲಿ ಬಂದ ಚೆಂಡು ಅಷ್ಟು ದೂರವನ್ನು ಕಾಲು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ದಾಟುತ್ತದೆ. ಮನುಷ್ಯನ ಕಣ್ಣು ಕಂಡದ್ದಕ್ಕೆ ಕೈ ಅಲುಗಾಡಲು ಬೇಕಾಗುವುದೂ ಹತ್ತಿರಹತ್ತಿರ ಅಷ್ಟೇ ಹೊತ್ತು. ನಿಧಾನದ ಆಟವೆಂದು ಹೊರಗಿನವರು ಅಂದುಕೊಳ್ಳುವುದು ಇದನ್ನೇ!

ಮತ್ತೆ ಲೆಕ್ಕಕ್ಕೆ ಬರೋಣ. ಎರಡು ಕೋಟಿ ಜನರನ್ನು 68,000 ಕೋರ್ಟುಗಳಿಗೆ ಹಂಚಿದರೆ ಕೋರ್ಟಿಗೆ ಸುಮಾರು 290 ಮಂದಿ. ಸಾಧ್ಯವೇ ಇಲ್ಲ ಅನ್ನಿಸುತ್ತದೆ. ಆದರೆ ಪಂದ್ಯ ಹನ್ನೊಂದು ಅಂಕಕ್ಕೆ ಮುಗಿಯುತ್ತದೆ, ಎರಡು ಅಂಕ ಮುಂದಿದ್ದರೆ ಆಯಿತು. ಗಂಟೆಗೆ ಮೂರು ಪಂದ್ಯ, ದಿನಕ್ಕೆ ಹನ್ನೆರಡು ಗಂಟೆ, ಪಂದ್ಯಕ್ಕೆ ನಾಲ್ವರು: ಒಂದು ಕೋರ್ಟ್ ದಿನಕ್ಕೆ 144 ಮಂದಿಯನ್ನು ಆಡಿಸಬಲ್ಲದು. ಎರಡು ದಿನ ಕಳೆಯುವಷ್ಟರಲ್ಲಿ ಬಹುತೇಕ ಎಲ್ಲರಿಗೂ ಒಂದೊಂದು ಸರದಿ ಸಿಕ್ಕಿರುತ್ತದೆ. ಅಮೆರಿಕದ ಉದ್ಯಾನಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಹೀಗೆಯೇ. ಬಂದವರು ತಮ್ಮ ಪ್ಯಾಡಲನ್ನು ಬೇಲಿಗೆ ಕಟ್ಟಿದ ಸ್ಟ್ಯಾಂಡಿನಲ್ಲಿ ಸಾಲಾಗಿ ಇಡುತ್ತಾರೆ. ಕೋರ್ಟ್ ಖಾಲಿಯಾದಾಗ ಸಾಲಿನ ಮೊದಲ ನಾಲ್ಕು ಪ್ಯಾಡಲ್ ಯಾರವೋ ಅವರು ಒಳಗೆ. ಜೊತೆ ಯಾರು, ಎದುರಾಳಿ ಯಾರು ಎಂಬುದನ್ನು ಆ ಸಾಲೇ ತೀರ್ಮಾನಿಸುತ್ತದೆ. ಹೆಸರು ಗೊತ್ತಿಲ್ಲದವರು ಸರ್ವ್‌ಗೆ ಮೊದಲು ಮೂರು ಸಂಖ್ಯೆ ಕೂಗುತ್ತಾರೆ: ತಮ್ಮ ಅಂಕ, ಎದುರಿನವರ ಅಂಕ, ಜೋಡಿಯಲ್ಲಿ ಈಗ ಸರ್ವ್ ಮಾಡುತ್ತಿರುವುದು ಮೊದಲನೆಯವರೋ ಎರಡನೆಯವರೋ ಎಂಬುದು. ಮುಗಿದ ಮೇಲೆ ನಾಲ್ವರೂ ನೆಟ್ಟಿನ ಬಳಿ ಬಂದು ಪ್ಯಾಡಲಿಗೆ ಪ್ಯಾಡಲ್ ತಾಗಿಸುತ್ತಾರೆ. ಗೆಳೆಯರ ಗುಂಪು ಕಟ್ಟಿಕೊಂಡು ಬಾರದೆ ಒಬ್ಬರೇ ಬಂದರೂ ಆಡಲು ಸಿಗುವ ಇಂಥ ಏರ್ಪಾಡು ವಯಸ್ಕರ ಪಾಲಿಗೆ ಬಹಳ ಅಪರೂಪ. ಆಟಕ್ಕಿಂತ ಹೆಚ್ಚಾಗಿ ಜನರನ್ನು ಎಳೆದಿರುವುದು ಇದೇ ಎನ್ನಲು ನನಗೆ ಅಳುಕಿಲ್ಲ.

ಬಹುಕಾಲ ಇದು ನಿವೃತ್ತರ ಆಟವೆಂದೇ ಹೆಸರಾಗಿತ್ತು. ಫ್ಲಾರಿಡಾದ ದಿ ವಿಲೇಜಸ್ ಎಂಬ ಹಿರಿಯರ ಬಡಾವಣೆಯೊಂದರಲ್ಲೇ ಇನ್ನೂರಕ್ಕೂ ಹೆಚ್ಚು ಕೋರ್ಟುಗಳಿವೆ. ಆಮೇಲೆ ಕೋವಿಡ್ ಬಂತು. ಬಯಲಿನಲ್ಲಿ, ನಡುವೆ ನೆಟ್ ಇಟ್ಟುಕೊಂಡು, ಮನೆಮುಂದಿನ ಕಾರು ನಿಲ್ಲಿಸುವ ಜಾಗದಲ್ಲೂ ಸೀಮೆಸುಣ್ಣದ ಗೆರೆ ಎಳೆದು ಆಡಬಹುದಾದ ಆಟಕ್ಕೆ ಅದಕ್ಕಿಂತ ತಕ್ಕ ಕಾಲ ಇರಲಿಲ್ಲ. 2021ರಲ್ಲಿ 48 ಲಕ್ಷ ಇದ್ದವರು 2022ಕ್ಕೆ 89 ಲಕ್ಷವಾದರು. ಆಟಗಾರರ ಸರಾಸರಿ ವಯಸ್ಸು ಈಗ ಮೂವತ್ತೈದರ ಹತ್ತಿರಕ್ಕೆ ಇಳಿದಿದೆ. 2023ರ ವಸಂತದಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಸ್ಕೇಟಿಂಗ್ ಅಂಗಳದಲ್ಲೇ 14 ಕೋರ್ಟುಗಳು ತೆರೆದುಕೊಂಡವು.

ಇದಕ್ಕೆ ತೆರುವ ಬೆಲೆಯೂ ದೊಡ್ಡದೇ. 2023ರಲ್ಲಿ ಈ ಆಟದ ಗಾಯಗಳಿಗೆ ಅಮೆರಿಕದಲ್ಲಿ 37.7 ಕೋಟಿ ಡಾಲರ್ ಚಿಕಿತ್ಸಾವೆಚ್ಚ ಆಗಬಹುದೆಂದು ಯುಬಿಎಸ್ ಬ್ಯಾಂಕಿನ ವಿಶ್ಲೇಷಕರು ಅಂದಾಜಿಸಿದ್ದರು. ಆಗಿನ ದರದಲ್ಲಿ ಮೂರು ಸಾವಿರ ಕೋಟಿ ರೂಪಾಯಿಗೂ ಮೇಲೆ. ಗಟ್ಟಿ ಪ್ಯಾಡಲಿಗೆ ಗಟ್ಟಿ ಪ್ಲಾಸ್ಟಿಕ್ ತಾಗುವ ಟಕ್ ಟಕ್ ಸದ್ದು ನೂರಡಿ ದೂರದಲ್ಲೂ 70 ಡೆಸಿಬೆಲ್ ಮುಟ್ಟುತ್ತದೆ. ನೆರೆಹೊರೆಯವರು ಕೋರ್ಟು ಕಚೇರಿ ಹತ್ತಿದ್ದಾರೆ. ಅವರ ದೂರು ಹುಸಿಯಲ್ಲ. ಸದ್ದು ತಗ್ಗಿಸಿದ ಪ್ಯಾಡಲುಗಳಿಗೆ ಅಲ್ಲಿ ಆಟವನ್ನು ನಡೆಸುವ ಆಡಳಿತ ಸಂಸ್ಥೆ ಈಗ ಪ್ರತ್ಯೇಕ ಮನ್ನಣೆ ಕೊಡುತ್ತಿರುವುದು ಒಳ್ಳೆಯ ಬೆಳವಣಿಗೆ.

ಭಾರತಕ್ಕೆ ಆಟವನ್ನು ತಂದವರು ಮಹಾರಾಷ್ಟ್ರದ ಸುನಿಲ್ ವಾಲಾವಲ್ಕರ್. ಅಖಿಲ ಭಾರತ ಸಂಘ ಶುರುವಾದದ್ದು 2008ರಲ್ಲಿ. 2025ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಷನ್ನಿಗೆ ರಾಷ್ಟ್ರೀಯ ಒಕ್ಕೂಟದ ಮಾನ್ಯತೆ ಕೊಟ್ಟಿತು. ಬೆಂಗಳೂರಿನಲ್ಲಿ ಆಟ ಹಬ್ಬುತ್ತಿರುವುದು ಏಕೆಂದು ತಿಳಿಯಲು ಈ ಊರಿನ ಸೈಟಿನ ಲೆಕ್ಕವೇ ಸಾಕು. ಸುತ್ತಲಿನ ಜಾಗವೂ ಸೇರಿ ಒಂದು ಟೆನಿಸ್ ಕೋರ್ಟಿಗೆ 7,200 ಚದರ ಅಡಿ ಬೇಕು, ಅಂದರೆ ಆರು ಥರ್ಟಿ ಫಾರ್ಟಿ ಸೈಟು. ಪಿಕಲ್‌ಬಾಲಿಗೆ ಒಂದೂವರೆ ಸೈಟು. ಒಂದೇ ಫಾರ್ಟಿ ಸಿಕ್ಸ್ಟಿ ಸೈಟಿದ್ದರೆ ಕೋರ್ಟ್ ಕೂತು, ಬೆಂಚು ಹಾಕಲು ಹತ್ತಡಿ ಅಗಲ ಮಿಗುತ್ತದೆ. ಕಟ್ಟಡಗಳ ಟೆರೇಸು ಕೂಡ ಅಂಗಳವಾಗುತ್ತಿದೆ. ಟೆನಿಸ್ ಅಂಗಳವಿದ್ದವರಿಗೂ ಲೆಕ್ಕ ಅಷ್ಟೇ ಸರಳ: ಅದೇ ನೆಲದಲ್ಲಿ ನಾಲ್ಕು ಕೋರ್ಟ್ ಬರೆಯಬಹುದು, ನಾಲ್ವರು ಹಂಚಿಕೊಳ್ಳುತ್ತಿದ್ದ ಬಾಡಿಗೆಯನ್ನು ಹದಿನಾರು ಮಂದಿ ಹಂಚಿಕೊಳ್ಳಬಹುದು.