ಕೈಚೀಲದ ಟ್ರಂಪೆಟ್ಟು ಕಛೇರಿಗೆ ಸಂದೀತೆ?

ವಿ.ಸಿ. ಫಾರಂ: ಮದುವೆ ಕಾಲ ಬಂತೆಂದರೆ ಬ್ಯಾಂಡ್‌ಸೆಟ್ಟಿನವರಿಗೆ ಊದುವುದಕ್ಕಿಂತ ಬಸ್ಸು ಹತ್ತುವುದೇ ಕಷ್ಟ. ಮಂಡ್ಯದಿಂದ ಇಲ್ಲಿಗೆ ಬರುವಷ್ಟರಲ್ಲಿ, ಮೂಟೆ-ಬುಟ್ಟಿಗಳ ನಡುವೆ ಟ್ರಂಪೆಟ್ಟು ನೆಗ್ಗದೆ ಇಳಿದರೆ ಪುಣ್ಯ. ಹೀಗಿರುವಾಗ ಕೈಚೀಲದಲ್ಲಿ ಅಡಗುವ 'ಪಾಕೆಟ್ ಟ್ರಂಪೆಟ್' ಕಂಡರೆ ಯಾರಿಗೆ ತಾನೇ ಆಸೆಯಾಗದು?

"ಇದೇನಣ್ಣಾ, ಮಕ್ಳಾಡೋ ಪೀಪಿನಾ?" ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಮುಖವೀಣೆ ನಾಗಸ್ವರಕ್ಕಿಂತ ಗಿಡ್ಡ, ಅದಕ್ಕೇ ಅದರ ಶ್ರುತಿಯೂ ಮೇಲೆ. ಇಲ್ಲಿ ಹಾಗಲ್ಲ. ದೊಡ್ಡ ಟ್ರಂಪೆಟ್ಟಿನಲ್ಲಿರುವ ಸುಮಾರು ನಾಲ್ಕೂವರೆ ಅಡಿ ಕೊಳವೆಯೇ ಇದರಲ್ಲೂ ಇದೆ. ಜಿಲೇಬಿಯಂತೆ ಬಿಗಿಯಾಗಿ ಸುತ್ತಿದ್ದಾರೆ, ಅಷ್ಟೆ. ಶ್ರುತಿ ಅದೇ, ಒತ್ತುವ ಗುಂಡಿಗಳೂ ಅವೇ ಮೂರು. 1959ರಲ್ಲಿ ಅಮೆರಿಕದ ಡಾನ್ ಚೆರ್ರಿ ಇಂಥದ್ದನ್ನೇ ಹಿಡಿದು ಆರ್ನೆಟ್ ಕೋಲ್ಮನ್ನರ ಜೊತೆ ನ್ಯೂಯಾರ್ಕಿನಲ್ಲಿ ಜಾಜ್ ಕಛೇರಿ ನಡೆಸಿದವರು.

ತೊಡಕಿರುವುದು ಬೇರೆ ಕಡೆ. ಅಗ್ಗದ ಮಾಲಿನಲ್ಲಿ ಸದ್ದು ಹೊರಡುವ ಅಗಲ ಬಾಯಿ ಚಿಕ್ಕದು, ತಿರುವುಗಳು ಇಕ್ಕಟ್ಟು; ಕೆಲವು ಸ್ವರ ಜಾರುತ್ತವೆ, ನಾದ ತೆಳುವಾಗುತ್ತದೆ. ತುಟಿ ಪಳಗಿದವನು ಮೈಕಿನ ಮುಂದೆ ಇದನ್ನು ಹೇಗೋ ಸರಿದೂಗಿಸಿಯಾನು. ನಾಲೆ ಏರಿ ಮೇಲಿನ ದಿಬ್ಬಣದಲ್ಲಿ, ತಮಟೆ ಏಟಿನ ನಡುವೆ? ಸಂಭಾವನೆ ಕೊಡುವ ಬೀಗರು ಕೊಳವೆ ಅಳೆಯೋಕೆ ಬರೋಲ್ಲ, ಹಿಂದಿನ ಸಾಲಿಗೆ ಕೇಳಿಸ್ತೋ ಇಲ್ವೋ ಅಷ್ಟೇ ನೋಡೋದು. ಕೊಳ್ಳುವವರು ಮೊದಲು ಹಾರ್ಮೋನಿಯಂ ಪಕ್ಕದಲ್ಲಿ ಕೂತು ಒಂದೊಂದೇ ಸ್ವರ ಊದಿ ನೋಡಲಿ. ಅಲ್ಲೀತನಕ ದೊಡ್ಡದನ್ನು ಮಾರುವ ಅವಸರ ಬೇಡ.