ಅಂಜೂರದ ಕಡ್ಡಿಯಲ್ಲಿ ಬೇರು ಬಿಡಿಸುವ ಕ್ರಮ

ಅಂಜೂರವು ಮೋರೇಸಿಯೆ ಎಂಬ ಸಸ್ಯಕುಟುಂಬಕ್ಕೆ ಸೇರಿದುದು. ಆಲ, ಅರಳಿ, ಅತ್ತಿ, ಬಸರಿ, ಗೋಣಿ ಮೊದಲಾದ ಮರಗಳು ಅದರ ದಾಯಾದಿಗಳು. ಇವೆಲ್ಲವನ್ನೂ ಸಸ್ಯಶಾಸ್ತ್ರಜ್ಞರು ಫೈಕಸ್ ಎಂಬ ಒಂದೇ ಕುಲದಲ್ಲಿ ಇರಿಸಿದ್ದಾರೆ. ಹಿಪ್ಪುನೇರಳೆಯು ಅದೇ ಕುಟುಂಬದ ಮತ್ತೊಂದು ಕುಲವಾದ ಮೋರಸ್‌ಗೆ ಸೇರಿದೆ. ಈ ನೆಂಟಸ್ತಿಕೆಯು ವರ್ಗೀಕರಣದ ಪುಸ್ತಕಕ್ಕೆ ಮಾತ್ರ ಸೀಮಿತವಾದುದಲ್ಲ. ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ತಾಲ್ಲೂಕುಗಳ ರೇಷ್ಮೆ ಬೆಳೆಗಾರರು ಹಿಪ್ಪುನೇರಳೆಯ ಕಡ್ಡಿಯನ್ನು ಕತ್ತರಿಸಿ, ನೆಟ್ಟು, ಬೇರು ಬಿಡಿಸುವ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ದ್ರಾಕ್ಷಿ ಬೆಳೆಯುವವರಿಗೂ ಈ ಕೆಲಸ ಹೊಸದಲ್ಲ. ಇದೇ ತಿಳಿವಳಿಕೆಯನ್ನು ಕೊಂಚ ಮಾರ್ಪಡಿಸಿಕೊಂಡರೆ ಮನೆಯ ಹಿತ್ತಲಿನಲ್ಲಿ ಅಂಜೂರದ ಸಸಿಯನ್ನು ಬೆಳೆಸಿಕೊಳ್ಳುವುದು ಯಾರಿಗೂ ಅಸಾಧ್ಯವಲ್ಲ.

ಹೀಗಿದ್ದರೂ, ಹಿಪ್ಪುನೇರಳೆಯನ್ನು ಸಲೀಸಾಗಿ ಬೆಳೆಸುವವರ ಕೈಯಲ್ಲೂ ಅಂಜೂರದ ಕಡ್ಡಿಯು ಮೊದಲು ಚಿಗುರಿ, ಎರಡು ಮೂರು ಎಲೆಗಳನ್ನು ಬಿಟ್ಟು, ಅನಂತರ ಬಾಡಿಹೋಗುವುದುಂಟು. ಜೀವ ಹಿಡಿಯಿತೆಂದು ಭಾವಿಸಿದ ಕಡ್ಡಿ ಹೀಗೇಕೆ ಒಣಗುತ್ತದೆ? ಈ ಪ್ರಶ್ನೆಗೆ ಉತ್ತರ ದೊರೆತರೆ ಬೇರು ಬಿಡಿಸುವ ಕ್ರಮದ ಬಹುಪಾಲು ನಿಯಮಗಳು ತಾವಾಗಿಯೇ ತಿಳಿಯುತ್ತವೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬೀಜಕ್ಕಿಂತ ಕಡ್ಡಿಯೇ ಏಕೆ?

ಅತ್ತಿಯ ಹಣ್ಣನ್ನು ಬಿಡಿಸಿದರೆ ಒಳಗೆ ಹುಳುಗಳಿರುವುದನ್ನು ಎಲ್ಲರೂ ಬಲ್ಲರು. ಅವು ಅತ್ತಿಯ ಪರಾಗಸ್ಪರ್ಶಕ್ಕೆ ಕಾರಣವಾದ ಸಣ್ಣ ಕಣಜಗಳು. ಫೈಕಸ್ ಕುಲದ ಮರಗಳು ಪರಾಗಸ್ಪರ್ಶಕ್ಕಾಗಿ ತಮಗೇ ಮೀಸಲಾದ ಇಂತಹ ಕಣಜಗಳನ್ನು ಅವಲಂಬಿಸಿವೆ. ಆದರೆ ನಮ್ಮಲ್ಲಿ ಬೆಳೆಸುವ ಸಾಮಾನ್ಯ ಅಂಜೂರವು ಕಣಜದ ನೆರವಿಲ್ಲದೆಯೇ, ಪರಾಗಸ್ಪರ್ಶವಿಲ್ಲದೆಯೇ ಹಣ್ಣು ಕಟ್ಟುತ್ತದೆ. ಹಾಗೆ ಕಟ್ಟಿದ ಹಣ್ಣಿನೊಳಗಿನ ಬೀಜಗಳು ಜೊಳ್ಳು. ಪರಾಗಸ್ಪರ್ಶ ಪಡೆದ ಬೇರೆ ಬಗೆಯ ಅಂಜೂರದ ಒಣಹಣ್ಣಿನಿಂದ ಬೀಜ ತೆಗೆದು ಬಿತ್ತಿದರೆ ಅವು ಮೊಳೆಯಬಹುದು. ಆದರೆ ಹುಟ್ಟುವ ಗಿಡಗಳಲ್ಲಿ ಸುಮಾರು ಅರ್ಧದಷ್ಟು ತಿನ್ನಲು ಬಾರದ ಕಾಯಿಯ ಗಂಡುಬಗೆಯವಾಗುತ್ತವೆ. ಉಳಿದವು ತಾಯಿಯನ್ನೇ ಹೋಲುತ್ತವೆಂಬ ಭರವಸೆಯೂ ಇಲ್ಲ. ಆದುದರಿಂದ ಒಂದು ಒಳ್ಳೆಯ ಅಂಜೂರದ ಗುಣವನ್ನು ಉಳಿಸಿಕೊಳ್ಳಲು ಅದರ ಕೊಂಬೆಯೇ ದಾರಿ.

ಮನುಷ್ಯನಿಗೆ ಈ ದಾರಿ ಬಹು ಹಿಂದೆಯೇ ತಿಳಿದಿರಬೇಕು. ಜೋರ್ಡಾನ್ ಕಣಿವೆಯ ಗಿಲ್ಗಾಲ್ ಎಂಬಲ್ಲಿ ಸುಮಾರು ೧೧,೪೦೦ ವರ್ಷಗಳಷ್ಟು ಹಳೆಯ, ಸುಟ್ಟು ಕರಿಕಾದ ಅಂಜೂರದ ಹಣ್ಣುಗಳು ದೊರೆತಿವೆ. ಅವು ಬೀಜ ಕಟ್ಟದ ಬಗೆಯವಾದುದರಿಂದ ಅಂದಿನ ಜನರು ಕೊಂಬೆ ನೆಟ್ಟು ಬೆಳೆಸಿದವೇ ಇರಬೇಕೆಂದು ೨೦೦೬ರಲ್ಲಿ ಸಂಶೋಧಕರು ಅಭಿಪ್ರಾಯಪಟ್ಟರು. ಈ ತೀರ್ಮಾನವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಇದೇ ಕುಲದ ಅರಳಿಗೆ ಸಂಬಂಧಿಸಿದ ಸಂಗತಿಯೊಂದು ಇನ್ನೂ ಪ್ರಸಿದ್ಧವಾದುದು. ಬೋಧಗಯೆಯ ಬೋಧಿವೃಕ್ಷದ ದಕ್ಷಿಣ ಶಾಖೆಯನ್ನು ಸಂಘಮಿತ್ರೆಯು ಕ್ರಿ. ಪೂ. ಮೂರನೆಯ ಶತಮಾನದಲ್ಲಿ ಸಿಂಹಳಕ್ಕೆ ಕೊಂಡೊಯ್ದಳೆಂದು ಮಹಾವಂಸವು ಹೇಳುತ್ತದೆ. ಅನುರಾಧಪುರದಲ್ಲಿ ಅದರದೆಂದು ಹೇಳುವ ಮರವು ಇಂದಿಗೂ ಪೂಜೆಗೊಳ್ಳುತ್ತಿದೆ. ನಮ್ಮ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಊರಿಗೆ ಹೆಸರು ಕೊಟ್ಟ ಪುರಾತನ ಅಶ್ವತ್ಥವು ೨೦೦೧ರಲ್ಲಿ ಉರುಳಿಬಿದ್ದಿತು. ೧೯೩೮ರ ಏಪ್ರಿಲ್ ೨೫ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಊರು ಅದು. ಮರ ಎಷ್ಟೇ ದೊಡ್ಡದಾಗಿದ್ದರೂ ಅದಕ್ಕೊಂದು ಕೊನೆಯುಂಟು. ಆ ಕೊನೆಗೆ ಮುಂಚೆ ಒಂದು ಕೊಂಬೆ ಬೇರೆಡೆ ಬೇರೂರಿದ್ದರೆ ಆ ಮರದ ಗುಣ ಮುಂದುವರಿಯುತ್ತದೆ.

ಹೊಲಗಳಲ್ಲಿಯೂ ಇದೇ ತತ್ತ್ವ ನಡೆದಿದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯು ಹೊರತಂದ ವಿ-೧ ಹಿಪ್ಪುನೇರಳೆ ತಳಿಯ ಪ್ರತಿಯೊಂದು ಗಿಡವೂ ಆಯ್ದ ಒಂದು ಗಿಡದ ಕಡ್ಡಿಯ ಸಂತತಿಯೇ ಆಗಿದೆ.

ಕಡ್ಡಿಯೊಳಗಿನ ಲೆಕ್ಕಾಚಾರ

ತಾಯಿಗಿಡದಿಂದ ಬೇರ್ಪಟ್ಟ ಕಡ್ಡಿಯಲ್ಲಿ ಎರಡು ಬಗೆಯ ದಾಸ್ತಾನು ಇರುತ್ತದೆ. ಒಂದು, ಹಿಂದಿನ ಋತುವಿನಲ್ಲಿ ಎಲೆಗಳು ತಯಾರಿಸಿ ಕಾಂಡದಲ್ಲಿ ಕೂಡಿಟ್ಟ ಪಿಷ್ಟ ಮತ್ತು ಸಕ್ಕರೆ; ಇನ್ನೊಂದು, ಅಂಗಾಂಶಗಳಲ್ಲಿ ಉಳಿದಿರುವ ನೀರು. ಹೊಸ ಎಲೆಯೂ ಹೊಸ ಬೇರೂ ಈ ದಾಸ್ತಾನಿನಿಂದಲೇ ಹುಟ್ಟಬೇಕು. ಮೊಗ್ಗು ಮೊದಲೇ ರೂಪುಗೊಂಡ ಅಂಗ; ಸ್ವಲ್ಪ ಬಿಸುಪು ತಾಗಿದರೆ ಸಾಕು, ಅದು ಎರಡು ಮೂರು ವಾರಗಳಲ್ಲಿ ಅರಳುತ್ತದೆ. ಬೇರು ಹಾಗಲ್ಲ. ಗಾಯದ ಬಳಿಯಲ್ಲಿಯೂ ಗಿಣ್ಣುಗಳ ಸುತ್ತಲೂ ಇರುವ ಕೆಲವು ಜೀವಕೋಶಗಳು ತಮ್ಮ ಹಳೆಯ ಕೆಲಸವನ್ನು ಬಿಟ್ಟು, ಮತ್ತೆ ವಿಭಜನೆಗೊಂಡು, ಬೇರಿನ ತುದಿಯನ್ನು ಹೊಸದಾಗಿ ರಚಿಸಿ, ತೊಗಟೆಯನ್ನು ಸೀಳಿಕೊಂಡು ಹೊರಬರಬೇಕು. ಅಂಜೂರದಲ್ಲಿ ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕಾಗುತ್ತವೆ.

ಹೀಗೆ ಎಲೆ ಮುಂದಾಗಿ ಬೇರು ಹಿಂದಾಗುವ ಅವಧಿಯೇ ಕಡ್ಡಿಗೆ ಗಂಡಾಂತರದ ಕಾಲ. ಅಂಜೂರದ ಎಲೆ ಅಗಲವಾದುದು. ಅದು ಹೊರಹಾಕುವ ನೀರಾವಿಗೆ ತಕ್ಕ ನೀರನ್ನು ಒದಗಿಸಲು ಬೇರೇ ಇಲ್ಲ. ಆದುದರಿಂದ ಎಲೆ ಚಿಗುರುವುದು ಬೇರು ಬಿಟ್ಟುದರ ಗುರುತಲ್ಲ; ಅದು ದಾಸ್ತಾನು ಖರ್ಚಾಗುತ್ತಿರುವುದರ ಗುರುತು. ಇದನ್ನರಿಯದೆ ಚಿಗುರು ಕಂಡೊಡನೆ ಕಡ್ಡಿಯನ್ನು ಬಿಸಿಲಿಗೆ ಇಟ್ಟರೆ ಅದು ಒಣಗುತ್ತದೆ. ಬಾಡಿತೆಂದು ಹೆಚ್ಚು ನೀರು ಹೊಯ್ದರೆ ಬುಡಕ್ಕೆ ಗಾಳಿಯಾಡದೆ, ಮೆದುವಾದ ತಿರುಳು ಕೊಳೆಯುತ್ತದೆ.

ಕಡ್ಡಿಯ ಯಾವ ತುದಿಯಲ್ಲಿ ಬೇರು ಬರಬೇಕೆಂಬುದೂ ಮೊದಲೇ ನಿಶ್ಚಿತವಾಗಿದೆ. ತಲೆಕೆಳಗಾಗಿಟ್ಟರೂ ಕಾಂಡದ ತುಂಡು ತನ್ನ ಮೂಲ ಬುಡದಲ್ಲಿಯೇ ಬೇರನ್ನೂ ಮೂಲ ತುದಿಯಲ್ಲಿಯೇ ಚಿಗುರನ್ನೂ ಬಿಡುವ ಪ್ರವೃತ್ತಿಯುಳ್ಳದ್ದೆಂಬುದನ್ನು ಜರ್ಮನಿಯ ಫೋಖ್ಟಿಂಗ್ ೧೮೭೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದನು. ಮೊಗ್ಗು ಮತ್ತು ಎಳೆಯ ಎಲೆಗಳಲ್ಲಿ ತಯಾರಾಗುವ ಆಕ್ಸಿನ್ ಎಂಬ ಪ್ರಚೋದಕವು ಬುಡದ ಕಡೆಗೆ ಸಾಗಿ ಅಲ್ಲಿ ಸೇರಿಕೊಳ್ಳುವುದು ಇದಕ್ಕೆ ಮುಖ್ಯ ಕಾರಣವೆಂದು ಅನಂತರದ ಸಂಶೋಧನೆಗಳಿಂದ ತಿಳಿದುಬಂದಿತು. ಇಂಡೋಲ್ ಬ್ಯುಟಿರಿಕ್ ಆಮ್ಲಕ್ಕೆ ಬೇರು ಬರಿಸುವ ಶಕ್ತಿಯಿರುವುದನ್ನು ಅಮೆರಿಕದ ಜಿಮ್ಮರ್‌ಮನ್ ಮತ್ತು ವಿಲ್‌ಕಾಕ್ಸನ್ ೧೯೩೫ರಲ್ಲಿ ವರದಿ ಮಾಡಿದರು. ಬೇರಿನ ಪುಡಿಯೆಂದು ಅಂಗಡಿಗಳಲ್ಲಿ ದೊರೆಯುವ ಪದಾರ್ಥಗಳಲ್ಲಿ ಸಾಮಾನ್ಯವಾಗಿ ಇರುವುದು ಈ ಆಮ್ಲವೇ. ಅಂಜೂರಕ್ಕೆ ಅದು ಸಹಾಯಕವೇ ಹೊರತು ಅನಿವಾರ್ಯವಲ್ಲ.

ಮನೆಯಲ್ಲಿ ಅನುಸರಿಸಬೇಕಾದ ಕ್ರಮ

ಹಣ್ಣು ಮುಗಿದು ಎಲೆ ಉದುರಿ ಗಿಡ ವಿಶ್ರಾಂತಿಯಲ್ಲಿರುವಾಗ ಕಡ್ಡಿಯ ದಾಸ್ತಾನು ತುಂಬಿರುತ್ತದೆ. ಈ ಸೀಮೆಯಲ್ಲಿ ಜನವರಿಯ ಉತ್ತರಾರ್ಧದಿಂದ ಫೆಬ್ರವರಿಯ ಕೊನೆಯವರೆಗಿನ ಕಾಲ ಪ್ರಶಸ್ತವಾದುದು. ಡಿಸೆಂಬರಿನ ಚಳಿ ಕಳೆದು ಮಣ್ಣು ಬೆಚ್ಚಗಾಗತೊಡಗಿರುತ್ತದೆ. ಏಪ್ರಿಲ್ ತಿಂಗಳ ಒಣಬಿಸಿಲು ಬರುವ ವೇಳೆಗೆ ಬೇರು ಹಿಡಿದಿರುತ್ತದೆ. ಜೂನ್ ಮತ್ತು ಜುಲೈ ತಿಂಗಳುಗಳು ಎರಡನೆಯ ಆಯ್ಕೆ. ಇಲ್ಲಿ ಮಳೆ ಹೆಚ್ಚಾಗಿ ಬೀಳುವ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಕಡ್ಡಿ ಕೊಳೆಯುವ ಸಂಭವ ಹೆಚ್ಚು.

ಒಂದು ವರ್ಷದೊಳಗಿನ, ಬಲಿತು ಕಂದುಬಣ್ಣಕ್ಕೆ ತಿರುಗಿದ ಕೊಂಬೆಯನ್ನು ಆರಿಸಬೇಕು. ದಪ್ಪ ಪೆನ್ಸಿಲಿಗಿಂತ ಕಡಿಮೆಯಿರಬಾರದು. ಹೆಬ್ಬೆರಳಿಗಿಂತ ಹೆಚ್ಚು ಬೇಕಿಲ್ಲ. ೨೦ರಿಂದ ೨೫ ಸೆಂಟಿಮೀಟರ್ ಉದ್ದದ, ಮೂರು ನಾಲ್ಕು ಕಣ್ಣುಗಳುಳ್ಳ ತುಂಡುಗಳನ್ನು ಮಾಡಿ, ಬುಡವನ್ನು ಗಿಣ್ಣಿನ ಕೆಳಗೆ ಓರೆಯಾಗಿಯೂ ತಲೆಯನ್ನು ಕಣ್ಣಿನ ಮೇಲೆ ನೇರವಾಗಿಯೂ ಕತ್ತರಿಸಬೇಕು. ಈ ಭೇದದಿಂದ ನೆಡುವಾಗ ತಲೆಬುಡ ಅದಲುಬದಲಾಗುವುದಿಲ್ಲ. ಎಲೆಗಳಿದ್ದರೆ ತೆಗೆದುಬಿಡಬೇಕು. ಕತ್ತರಿಸಿದಲ್ಲಿ ಒಸರುವ ಹಾಲು ಚರ್ಮಕ್ಕೆ ತಾಗಿದರೆ ಉರಿಯಾಗುವುದುಂಟು; ಆದುದರಿಂದ ಕೈ ತೊಳೆದುಕೊಳ್ಳುವುದು ಲೇಸು. ತುಂಡುಗಳನ್ನು ಒಂದು ದಿನ ನೆರಳಿನಲ್ಲಿಟ್ಟರೆ ಹಾಲು ಒಣಗಿ ಗಾಯ ಮುಚ್ಚಿಕೊಳ್ಳುತ್ತದೆ.

ತಳದಲ್ಲಿ ರಂಧ್ರಗಳುಳ್ಳ ಪಾಲಿಥೀನ್ ಚೀಲದಲ್ಲಿ ಎರಡು ಪಾಲು ದಪ್ಪ ಮರಳು, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ತುಂಬಬೇಕು. ಕಡ್ಡಿಯ ಮೂರರಲ್ಲಿ ಎರಡು ಭಾಗ ಮಣ್ಣಿನಲ್ಲಿದ್ದು ಒಂದು ಕಣ್ಣು ಮಾತ್ರ ಮೇಲೆ ಉಳಿಯಲಿ. ಮಣ್ಣನ್ನು ಹಿಡಿ ತುಂಬ ತೆಗೆದು ಹಿಸುಕಿದರೆ ಮುದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಅಷ್ಟೇ ತೇವ ಸಾಕು. ಮೇಲೆ ಪಾರದರ್ಶಕ ಪಾಲಿಥೀನ್ ಹೊದಿಕೆಯನ್ನು ಕಟ್ಟಿ, ಬೆಳಕಿರುವ ನೆರಳಿನಲ್ಲಿಡಬೇಕು. ಹೊದಿಕೆಯೊಳಗಿನ ತೇವದ ಗಾಳಿಯು ಎಲೆಯಿಂದ ನೀರು ಹೋಗುವುದನ್ನು ತಡೆದು, ಬೇರು ಬರುವವರೆಗೆ ಕಾಲಾವಕಾಶವನ್ನು ಒದಗಿಸುತ್ತದೆ. ಆರು ವಾರಗಳ ತನಕ ಕಡ್ಡಿಯನ್ನು ಎಳೆದು ನೋಡಬಾರದು. ಎಳೆಬೇರು ಕೂದಲಿನಂತೆ ಮುರಿಯುತ್ತದೆ. ಚೀಲ ಪಾರದರ್ಶಕವಾಗಿದ್ದರೆ ಬಿಳಿಯ ಬೇರುಗಳು ಹೊರಗಿನಿಂದಲೇ ಕಾಣುತ್ತವೆ. ಅವು ಕಂಡ ಮೇಲೆ ಹೊದಿಕೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ತೆರೆದು, ಒಂದು ವಾರದಲ್ಲಿ ಪೂರ್ತಿ ತೆಗೆಯಬೇಕು.

ಮಣ್ಣಿನಲ್ಲಿರುವ ಅಪಾಯ

ಕಡ್ಡಿ ಬೇರು ಬಿಟ್ಟೊಡನೆ ಕೆಲಸ ಮುಗಿಯಲಿಲ್ಲ. ಈ ತಾಲ್ಲೂಕುಗಳಲ್ಲಿ ವಿಶೇಷವಾಗಿ ಗಮನಿಸಬೇಕಾದ ವಿಷಯ ಮತ್ತೊಂದಿದೆ. ಮೆಲಾಯ್ಡೊಗೈನ್ ಎಂಬ ಕುಲದ ಬೇರುಗಂಟು ಜಂತುಹುಳುಗಳು ಹಿಪ್ಪುನೇರಳೆ, ಟೊಮ್ಯಾಟೊ, ಬದನೆ, ಅಂಜೂರ ಇವೆಲ್ಲಕ್ಕೂ ತಗಲುತ್ತವೆ. ಬರಿಗಣ್ಣಿಗೆ ಕಾಣದ ಈ ಹುಳುಗಳು ಬೇರನ್ನು ಹೊಕ್ಕು, ಅಲ್ಲಿ ಗಂಟುಗಳನ್ನೆಬ್ಬಿಸಿ, ನೀರು ಮತ್ತು ಲವಣಗಳ ಹಾದಿಯನ್ನು ಕೆಡಿಸುತ್ತವೆ. ಗಿಡವು ಸಾಯದೆ, ಏಳಿಗೆಯೂ ಆಗದೆ, ವರ್ಷಗಟ್ಟಲೆ ಕುಂಟುತ್ತದೆ. ಕೊಳವೆಬಾವಿಯ ನೀರನ್ನು ಹನಿ ಹನಿಯಾಗಿ ಲೆಕ್ಕವಿಟ್ಟು ಬಳಸುವ ಸೀಮೆಯಲ್ಲಿ, ಅಂತಹ ಗಿಡಕ್ಕೆ ಹಾಕಿದ ನೀರು ವ್ಯರ್ಥವೇ ಸರಿ. ಹಳೆಯ ಹಿಪ್ಪುನೇರಳೆ ತೋಟದ ಅಥವಾ ತರಕಾರಿ ಮಡಿಯ ಮಣ್ಣನ್ನು ಫಲವತ್ತಾದುದೆಂದು ಭಾವಿಸಿ ಚೀಲಕ್ಕೆ ತುಂಬಿದರೆ ಈ ರೋಗವನ್ನು ಮನೆಗೆ ಕರೆತಂದಂತಾಗುತ್ತದೆ.

ಇದಕ್ಕೆ ಸುಲಭವಾದ ಉಪಾಯವೊಂದುಂಟು. ಇಸ್ರೇಲಿನ ಕಟಾನ್ ಮತ್ತು ಸಂಗಡಿಗರು ೧೯೭೬ರಲ್ಲಿ ಪ್ರಕಟಿಸಿದ ಕ್ರಮದಂತೆ, ಒದ್ದೆ ಮಾಡಿದ ಮಣ್ಣನ್ನು ತೆಳುವಾಗಿ ಹರಡಿ, ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಹೊದಿಸಿ, ಅಂಚುಗಳನ್ನು ಮುಚ್ಚಿ, ಬೇಸಿಗೆಯ ಬಿಸಿಲಿನಲ್ಲಿ ನಾಲ್ಕರಿಂದ ಆರು ವಾರಗಳ ಕಾಲ ಬಿಟ್ಟರೆ ಬಿಸಿಲಿನ ಕಾವು ಜಂತುಹುಳುಗಳನ್ನೂ ಅನೇಕ ಶಿಲೀಂಧ್ರಗಳನ್ನೂ ಬಹುಮಟ್ಟಿಗೆ ನಾಶಮಾಡುತ್ತದೆ. ಒಂದು ವರ್ಷದ ಮಾರ್ಚ್ ಮತ್ತು ಏಪ್ರಿಲ್ ತಿಂಗಳಿನಲ್ಲಿ ಸಿದ್ಧಪಡಿಸಿದ ಮಣ್ಣನ್ನು ಮುಚ್ಚಿಟ್ಟು ಮುಂದಿನ ನಾಟಿಗೆ ಬಳಸಬಹುದು.

ನೆಲದ ಮೇಲಿನ ಕೊಂಬೆಯಿಂದ ಕತ್ತರಿಸಿದ ಬರಿಯ ಕಡ್ಡಿಯಲ್ಲಿ ಬೇರುಗಂಟು ಹುಳು ಇರುವುದಿಲ್ಲ; ಮಣ್ಣುಸಹಿತ ತಂದ ಸಸಿಯಲ್ಲಿ ಇರಬಹುದು. ಆದುದರಿಂದ ನೆರೆಯವರಿಂದ ಸಸಿಯನ್ನು ಪಡೆಯುವುದಕ್ಕಿಂತ ಕಡ್ಡಿಯನ್ನು ಪಡೆದು, ಶುದ್ಧವಾದ ಮಣ್ಣಿನಲ್ಲಿ ತಾವೇ ಬೇರು ಬಿಡಿಸುವುದು ಮೇಲು. ಆದರೆ ಕಡ್ಡಿಯ ಮೂಲಕವೇ ಹರಡುವ ರೋಗವೂ ಉಂಟೆಂಬುದನ್ನು ಮರೆಯಲಾಗದು. ಎಲೆಗಳಲ್ಲಿ ಹಳದಿ ಮಚ್ಚೆಗಳನ್ನೂ ಆಕಾರದ ವಿಕೃತಿಯನ್ನೂ ಉಂಟುಮಾಡುವ ಮೊಸಾಯಿಕ್ ರೋಗವು ವೈರಸ್ಸಿನಿಂದ ಬರುತ್ತದೆ. ಅದು ತಾಯಿಗಿಡದಿಂದ ಎಲ್ಲ ಕಡ್ಡಿಗಳಿಗೂ ದಾಟುತ್ತದೆ. ಎಲೆಯುದುರಿದ ಕಾಲದಲ್ಲಿ ಈ ಲಕ್ಷಣಗಳು ಕಾಣಲಾರವಾದುದರಿಂದ, ಗಿಡ ಎಲೆ ತುಂಬಿರುವಾಗಲೇ ಪರೀಕ್ಷಿಸಿ ತಾಯಿಗಿಡವನ್ನು ಗುರುತಿಟ್ಟುಕೊಂಡಿರಬೇಕು.

ಕಾಲೇಜಿನಲ್ಲಿ ನಡೆಸಬಹುದಾದ ಪ್ರಯೋಗ

ಮೇಲೆ ಹೇಳಿದ ಮುಖ್ಯ ವಿಷಯವನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಒಂದೇ ತಾಯಿಗಿಡದಿಂದ ಸಮಾನ ದಪ್ಪದ ೬೦ ಕಡ್ಡಿಗಳನ್ನು ತೆಗೆದು, ಚೀಟಿಯೆತ್ತಿ ತಲಾ ಇಪ್ಪತ್ತರ ಮೂರು ಗುಂಪುಗಳಾಗಿ ಹಂಚಬೇಕು. ಮೊದಲನೆಯದಕ್ಕೆ ಹೊದಿಕೆ ಬೇಡ; ಎರಡನೆಯದಕ್ಕೆ ಹೊದಿಕೆ ಮಾತ್ರ; ಮೂರನೆಯದಕ್ಕೆ ಹೊದಿಕೆಯೊಡನೆ ಬೇರಿನ ಪುಡಿಯೂ ಇರಲಿ. ೧೪, ೨೧, ೨೮ ಮತ್ತು ೪೨ನೆಯ ದಿನಗಳಂದು ಪ್ರತಿ ಗುಂಪಿನಿಂದ ಐದೈದು ಕಡ್ಡಿಗಳನ್ನು ತೆಗೆದು, ಮಣ್ಣನ್ನು ತೊಳೆದು, ಎಲೆಗಳ ಸಂಖ್ಯೆಯನ್ನೂ ಬೇರುಗಳ ಸಂಖ್ಯೆಯನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಎರಡನ್ನೂ ಒಂದೇ ನಕ್ಷೆಯಲ್ಲಿ ಗೆರೆಗಳಾಗಿ ಎಳೆದರೆ ಎಲೆಗೂ ಬೇರಿಗೂ ನಡುವಣ ಅಂತರ ಎಷ್ಟು ದಿನಗಳದೆಂಬುದೂ, ಆ ಅಂತರವನ್ನು ಹೊದಿಕೆಯೂ ಪುಡಿಯೂ ಎಷ್ಟರಮಟ್ಟಿಗೆ ನಿಭಾಯಿಸುತ್ತವೆಂಬುದೂ ಸ್ಪಷ್ಟವಾಗುತ್ತವೆ. ಕೊನೆಗೆ ಉಳಿದ ಸಸಿಗಳಿಗೆ ತಾಯಿಗಿಡದ ಊರು, ತಳಿ ಮತ್ತು ಕತ್ತರಿಸಿದ ದಿನಾಂಕವನ್ನು ಬರೆದ ಚೀಟಿ ಕಟ್ಟಿ ವಿದ್ಯಾರ್ಥಿಗಳ ಮನೆಗಳಿಗೆ ಹಂಚಬಹುದು. ಮುಂದೆ ಒಂದು ಹಿತ್ತಲಿನ ಗಿಡ ಹೋದರೂ ಅದೇ ತಳಿಯನ್ನು ಯಾವ ಮನೆಯಿಂದ ಮರಳಿ ಪಡೆಯಬಹುದೆಂಬುದು ಆ ಚೀಟಿಯಿಂದಲೇ ತಿಳಿಯುತ್ತದೆ.