ಬಿಸಿಲಿಗೆ ಕೋಳಿ ಬಾಯಿ ತೆರೆದು ತೇಕುವುದೇಕೆ?

ಪ್ರಶ್ನೆ: ಏಪ್ರಿಲ್ ಬಂತೆಂದರೆ ನಮ್ಮ ಹಿತ್ತಲಿನ ಕೋಳಿಗಳು ಮಧ್ಯಾಹ್ನವೆಲ್ಲ ಕೊಕ್ಕು ತೆರೆದು ತೇಕುತ್ತವೆ. ತತ್ತಿಯ ಸಿಪ್ಪೆಯೂ ತೆಳ್ಳಗಾಗುತ್ತದೆ. ಏಕೆ?
– ಓದುಗರು, ಇಬ್ರಾಹಿಂಪುರ, ವಿಜಯಪುರ

ಕೋಳಿಗೆ ಬೆವರು ಗ್ರಂಥಿಗಳಿಲ್ಲ. ಅದರ ಮೈಬಿಸಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮೇಲೆ ಗರಿಗಳ ಹೊದಿಕೆ ಬೇರೆ. ವಿಜಯಪುರದ ಬೇಸಿಗೆಯಲ್ಲಿ ಹೊರಗಿನ ಗಾಳಿಯೂ 40 ಡಿಗ್ರಿ ಮುಟ್ಟಿದಾಗ ಮೈಯ ಶಾಖವನ್ನು ಗಾಳಿಗೆ ಬಿಟ್ಟುಕೊಡುವ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಆಗ ಉಳಿಯುವುದು ಒಂದೇ ಉಪಾಯ: ಬಾಯಿ, ಗಂಟಲಿನ ತೇವವನ್ನು ಉಸಿರಿನಿಂದ ಆರಿಸುವುದು. ಮಣ್ಣಿನ ಗಡಿಗೆಯ ಹೊರಮೈಯಲ್ಲಿ ಜಿನುಗಿದ ನೀರು ಆರುತ್ತ ಒಳಗಿನ ನೀರನ್ನು ತಂಪು ಮಾಡುವ ಹಾಗೆ, ಈ ತೇವ ಆವಿಯಾಗುವಾಗ ರಕ್ತದ ಶಾಖವನ್ನು ಹೊತ್ತೊಯ್ಯುತ್ತದೆ.

ಸಿಪ್ಪೆಯನ್ನು ನೀವು ಗಮನಿಸಿದ್ದು ಒಳ್ಳೆಯದಾಯಿತು. ತೇಕುವಾಗ ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಹೊರಹೋಗುತ್ತದೆ. ತತ್ತಿಯ ಸಿಪ್ಪೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ಅದರ ಕಾರ್ಬೋನೇಟ್ ಕಟ್ಟಲು ಬೇಕಾದ ಅಂಶ ರಕ್ತದಲ್ಲಿ ಹೀಗೆ ಕಡಿಮೆಯಾಗುತ್ತದೆ. ಸೆಕೆಗೆ ಕಾಳೂ ಸರಿಯಾಗಿ ತಿನ್ನದೆ ಕ್ಯಾಲ್ಸಿಯಂ ಕೂಡ ಸಾಲದಾಗುತ್ತದೆ.

ಕೋಳಿಗಳನ್ನು ಸೆಕೆಯಿಂದ ಕಾಪಾಡಲು ಎಲ್ಲಕ್ಕಿಂತ ಮುಖ್ಯ ನೀರು. ಬೇವಿನ ನೆರಳಲ್ಲಿ ಅಗಲ ಬಾಯಿಯ ಮಣ್ಣಿನ ಪಾತ್ರೆ ಇಡಿ. ಮಧ್ಯಾಹ್ನ ನೀರು ಬದಲಿಸಿ. ಜೋಳ, ಸಜ್ಜೆಯನ್ನು ನಸುಕಿನಲ್ಲಿ ಇಲ್ಲವೇ ಸಂಜೆ ಹಾಕಿ. ತಿಂದದ್ದು ಅರಗುವಾಗಲೂ ಮೈ ಬಿಸಿಯೇರುತ್ತದೆ. ಪತ್ರಾಸಿನ ಗೂಡಾದರೆ ಮೇಲೆ ತೊಗರಿ ಕಟ್ಟಿಗೆ ಹರವಿ. ಗಿರಿರಾಜದಂಥ ಭಾರದ ತಳಿಗೆ ಜವಾರಿ ಕೋಳಿಗಿಂತ ಸೆಕೆಯ ಬಾಧೆ ಹೆಚ್ಚು. ರೆಕ್ಕೆ ಜೋಲುಬಿಟ್ಟು ಕುಸಿದು ಕೂತ ಕೋಳಿ ಕಂಡರೆ ತಡಮಾಡದೆ ನೆರಳಿಗೆ ಒಯ್ದು, ಅದರ ಕಾಲುಗಳನ್ನು ತಣ್ಣೀರಿನಲ್ಲಿ ಅದ್ದಿ.